ಪಡೆಯುವವರ ಔದಾರ್ಯ

ಮೇಷ್ಟ್ರ ಈಮೇಲಿಗೆ ನಾನು ಬರೆದ ಉತ್ತರ ಮೂರು ಸಾಲಿನದು. "ನಮಸ್ಕಾರ ಸರ್. ಫೈಲ್ ತೆರೆದುಕೊಂಡಿತು, ಆದರೆ ಅಕ್ಷರಗಳು ಓದಲು ಬರುತ್ತಿಲ್ಲ. ದಯವಿಟ್ಟು ಯೂನಿಕೋಡ್‌ಗೆ ಬದಲಾಯಿಸಿ ಕಳಿಸಿ, ಹೇಗೆಂದು ಈ ಲಿಂಕಿನಲ್ಲಿದೆ." ಇದರಲ್ಲಿ ಒರಟು ಮಾತೇನಿಲ್ಲ. ನಮಸ್ಕಾರವಿದೆ, ದಯವಿಟ್ಟು ಇದೆ, ಸಹಾಯಕ್ಕೊಂದು ಲಿಂಕ್ ಕೂಡ ಇದೆ. ಕಳಿಸಿ ಮರೆತೆ. ಆವತ್ತು ಹಾಗೆ ಎಂಟೋ ಹತ್ತೋ ಮೇಲ್ ಕಳಿಸಿರಬೇಕು.

ನನ್ನ ಪಿಎಚ್‌ಡಿ ಕೋಲಾರ ಜಿಲ್ಲೆಯ ಕೆರೆಗಳ ಸುತ್ತ ಬೆಳೆದ ಪದಗಳ ಮೇಲೆ. ತೂಬು, ಕೋಡಿ, ಏರಿ, ಅಚ್ಚುಕಟ್ಟು, ಗೋಡು ಇಂಥವು ನಿಘಂಟಿನಲ್ಲಿ ಸಿಗುತ್ತವೆ. ಸಿಗದವು ಊರಲ್ಲಿವೆ, ಅದೂ ಎಪ್ಪತ್ತು ದಾಟಿದವರ ಬಾಯಲ್ಲಿ. ಮಾಲೂರು ಕಡೆಯ ಹಳ್ಳಿಯೊಂದರಲ್ಲಿ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಇಂಥ ಪದಗಳನ್ನು ವರ್ಷಗಳಿಂದ ಕೂಡಿಡುತ್ತಿದ್ದಾರೆ ಎಂದು ಯಾರೋ ಹೇಳಿ, ಫೋನ್ ನಂಬರ್ ಕೊಟ್ಟಿದ್ದರು. ಮಾತಾಡಿದೆ. "ಕಳಿಸ್ತೀನಮ್ಮ, ಕಂಪ್ಯೂಟರಲ್ಲೇ ಇದೆ" ಎಂದರು. ಮಾರನೆಯ ದಿನವೇ ಕಳಿಸಿದರು. ನಾನು ಆ ಮೂರು ಸಾಲು ಬರೆದೆ. ಆಮೇಲೆ ಹದಿನಾಲ್ಕು ತಿಂಗಳು ಅವರಿಂದ ಒಂದು ಮಾತಿಲ್ಲ.

ವಯಸ್ಸಾದವರು, ಮರೆತಿರಬಹುದು ಎಂದುಕೊಂಡೆ. ಕ್ಷೇತ್ರಕಾರ್ಯಕ್ಕೆ ಆ ಕಡೆ ಹೋದಾಗ ಮನೆ ಹುಡುಕಿಕೊಂಡು ಹೋದೆ. ಮಜ್ಜಿಗೆ ಕೊಟ್ಟರು. ಮೇಜಿನ ಮೇಲೆ ಹಳೆಯ ಕಂಪ್ಯೂಟರು, ಅದಕ್ಕೊಂದು ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ಬಟ್ಟೆ ಸರಿಸಿ ತೋರಿಸಿದರು. ನಾನು ಮಾತಾಡಿಸಿದ ಮೇಲೆಯೂ ಅವರು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಆರುನೂರು ಚಿಲ್ಲರೆ ಪದ, ಒಂದೊಂದಕ್ಕೂ ಅರ್ಥ, ಯಾರ ಬಾಯಿಂದ ಕೇಳಿದ್ದು, ಯಾವ ಊರು, ಎಲ್ಲ. "ಮತ್ತೆ ಕಳಿಸಲೇ ಇಲ್ಲವಲ್ಲ ಸರ್" ಎಂದೆ. ಅವರು ಬಟ್ಟೆಯ ಅಂಚು ಮಡಿಸುತ್ತಾ ಹೇಳಿದರು: "ನಿಂಗೆ ಓದಕ್ಕೆ ಬರ್ದೇ ಇರೋ ಕನ್ನಡ ಕಳ್ಸಿ ಯಾಕಮ್ಮ ತೊಂದ್ರೆ ಕೊಡ್ಲಿ ಅಂತ ಸುಮ್ನಾದೆ."

ವಾಪಸು ಬರುವ ಬಸ್ಸಿನಲ್ಲಿ ಆ ಮಾತು ಬಿಡಲಿಲ್ಲ. ನನಗೆ ಓದಲು ಬರದ ಕನ್ನಡ. ಅವರು ವ್ಯಂಗ್ಯವಾಗಿ ಹೇಳಿರಲಿಲ್ಲ, ಅದೇ ಕಷ್ಟ. ತಪ್ಪು ತಮ್ಮದೇ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ನಾನೂ ಹದಿನಾಲ್ಕು ತಿಂಗಳು ಹಾಗೆಯೇ ನಂಬಿದ್ದೆ. ತಂತ್ರಜ್ಞಾನ ಬದಲಾದಾಗ ಅದರ ಜೊತೆ ಹೆಜ್ಜೆ ಹಾಕುವುದು ಬಳಸುವವನ ಕರ್ತವ್ಯ, ಹಾಕದಿದ್ದರೆ ಅದು ಅವನ ಸೋಮಾರಿತನವೋ ಅಜ್ಞಾನವೋ ಎಂಬ ನಂಬಿಕೆ ಎಷ್ಟು ಸಹಜವಾಗಿ ನಮ್ಮೊಳಗೆ ಕೂತಿದೆ ಎಂದರೆ, ಅದನ್ನು ಯಾರು ಯಾವಾಗ ವಿಧಿಸಿದರು ಎಂದು ಕೇಳುವ ಯೋಚನೆಯೇ ಬರುವುದಿಲ್ಲ.

ಮೊದಲು ಆ ಫೈಲಿನಲ್ಲಿ ಏನಿತ್ತು ಎಂದು ಹೇಳಬೇಕು. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳು ಯೂನಿಕೋಡ್‌ನಲ್ಲಿ 1991ರಲ್ಲೇ ಸಿಕ್ಕವು. ಆದರೆ ಕಾಗದದ ಮೇಲೆ ಸಿಕ್ಕರೆ ಸಾಕೆ? ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬರುವ ತನಕ ಸಾಮಾನ್ಯ ಕಂಪ್ಯೂಟರುಗಳಿಗೆ ಆ ಸಂಖ್ಯೆಗಳನ್ನು ಕನ್ನಡವಾಗಿ ತೋರಿಸುವುದು ಗೊತ್ತಿರಲಿಲ್ಲ. ಅಲ್ಲಿಯವರೆಗೆ, ಅದಾದ ಮೇಲೂ ಎಷ್ಟೋ ವರ್ಷ, ನಮ್ಮವರು ಬೇರೆ ಉಪಾಯ ಮಾಡಿಕೊಂಡಿದ್ದರು. ಇಂಗ್ಲಿಷಿನ, ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಒಳಗೆ ಯುರೋಪು, ಮೇಲೆ ಫಾಂಟ್ ಎಂಬ ಕನ್ನಡದ ಅಂಗಿ. ಬರಹ, ನುಡಿ ಎಲ್ಲ ಹೀಗೆ ಶುರುವಾದವು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದದ ಅಂಗಿ ತೆಗೆದು ನೋಡಿದರೆ ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಇಂಗ್ಲೆಂಡಿನ ಪೌಂಡ್ ಚಿಹ್ನೆ, ಮತ್ತೆ ಆ ಗೀಟಿನ ಎ, ಜರ್ಮನ್ನರ ದ್ವಿತ್ವ ಸಕಾರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ನ ಒತ್ತಿನ ಜಾಗದಲ್ಲಿ ಜರ್ಮನ್ ಅಕ್ಷರ! ಇದನ್ನು ಈಗ ನೋಡಿ ನಗಬಹುದು. ಆ ಕಾಲಕ್ಕೆ ಅದೇ ಜಾಣತನ. ಕನ್ನಡದಲ್ಲಿ ಪುಸ್ತಕ, ಪತ್ರಿಕೆ, ಸರ್ಕಾರಿ ಸುತ್ತೋಲೆ ಎಲ್ಲ ಹೊರಬಂದದ್ದು ಈ ದಾರಿಯಲ್ಲೇ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಚೆಂದದ ಕನ್ನಡ, ಇಲ್ಲದ ಕಡೆ ಕಸ. ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಈಗ ಲಗತ್ತಿಸಿದ ಕಡತವೂ ಬ್ರೌಸರಿನೊಳಗೇ ತೆರೆದುಕೊಳ್ಳುತ್ತದಲ್ಲ, ಅಲ್ಲಂತೂ ಆ ಫಾಂಟ್ ಇರುವ ಸಾಧ್ಯತೆಯೇ ಇಲ್ಲ.

ಇಲ್ಲಿ ನಾನು ಗಮನಿಸದೇ ಹೋದ ಸಂಗತಿ ಒಂದಿದೆ. ಮೇಷ್ಟ್ರು ಈ ಟೈಪಿಂಗ್ ಕಲಿತದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ತಾಲ್ಲೂಕಿನ ಎಷ್ಟೋ ಶಾಲೆಗಳು ಕಂಪ್ಯೂಟರನ್ನು ನೋಡುವ ಮೊದಲು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮಾಲೂರಿಗೆ ಹೋಗಿ, ಡಿಟಿಪಿ ಅಂಗಡಿಯಲ್ಲಿ ಕೂತು, ಯಾವ ಕೀಲಿ ಒತ್ತಿದರೆ ಯಾವ ಒತ್ತು ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರಂತೆ. ಆ ನೋಟ್‌ಬುಕ್ ಇನ್ನೂ ಇದೆ. ಆಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ. ಅಂದರೆ ಈ ಮನುಷ್ಯ ಹಿಂದೆ ಬಿದ್ದವರಲ್ಲ, ತಮ್ಮ ಕಾಲದಲ್ಲಿ ಎಲ್ಲರಿಗಿಂತ ಮುಂದೆ ಓಡಿದವರು. ಅವರು ಬಂದು ಮುಟ್ಟಿದ ಗೆರೆಯನ್ನು ಆಮೇಲೆ ಯಾರೋ ಎತ್ತಿ ಮುಂದಕ್ಕಿಟ್ಟರು. ಇಟ್ಟವರು ಬಂದು ಹೇಳಲಿಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ಇನ್ನೊಂದು ಘಟನೆಯೂ ಆಗಿತ್ತು. ಮೇಲ್ ನೋಡಲು ಅವರ ಕಂಪ್ಯೂಟರಿನಲ್ಲಿ ಹಳೆಯ ತಂತ್ರಾಂಶವೊಂದಿತ್ತು. ಒಂದು ದಿನ ಅದು 'ಪಾಸ್‌ವರ್ಡ್ ತಪ್ಪು' ಎಂದಿತು. ಅವರು ಚೀಟಿ ನೋಡಿ ಮತ್ತೆ ಹೊಡೆದರು. ತಪ್ಪು. ಕನ್ನಡಕ ಬದಲಿಸಿ ನಿಧಾನಕ್ಕೆ ಒಂದೊಂದೇ ಅಕ್ಷರ ಹೊಡೆದರು. ತಪ್ಪು. ಮೂರು ವಾರ ಅವರು ತಮಗೆ ಮರೆವು ಶುರುವಾಗಿದೆ ಎಂದೇ ನಂಬಿದ್ದರಂತೆ. ಅವರ ತಂದೆಗೆ ಕೊನೆಗಾಲದಲ್ಲಿ ಹಾಗಾಗಿತ್ತು. ಹಬ್ಬಕ್ಕೆ ಬಂದ ಮಗಳು ನೋಡಿ ಹೇಳಿದಳು: ಪಾಸ್‌ವರ್ಡ್ ಸರಿಯಾಗಿಯೇ ಇದೆ, ಬರಿಯ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೆಯ ತಂತ್ರಾಂಶಗಳನ್ನು ಮೇಲ್ ಕಂಪನಿಯೇ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ಸುರಕ್ಷತೆಯ ಒಳ್ಳೆಯ ಕಾರಣವೇ ಇತ್ತು. ಆದರೆ 'ನಾವು ನಿಯಮ ಬದಲಿಸಿದ್ದೇವೆ' ಎನ್ನಬೇಕಾದಲ್ಲಿ ಯಂತ್ರ 'ನೀನು ತಪ್ಪು ಹೊಡೆದೆ' ಎಂದಿತು. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಒಬ್ಬ ಮನುಷ್ಯ ಮೂರು ವಾರ ನಿದ್ದೆಗೆಟ್ಟ.

'ನಿಮ್ಮ ಬ್ರೌಸರ್ ಹಳೆಯದಾಗಿದೆ' ಎಂಬುದೂ ಇದೇ ಜಾತಿಯ ಮಾತು. ತಂತ್ರಾಂಶ ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ. ಐದು ವರ್ಷದ ಹಿಂದಿನ ಬ್ರೌಸರ್ ಐದು ವರ್ಷದ ಹಿಂದೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಬದಲಾದದ್ದು ಅದರ ಸುತ್ತಲಿನ ಲೋಕ. ಕ್ರೋಮ್ 2021ರಲ್ಲಿ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬಿಡತೊಡಗಿತು, ಅದಕ್ಕೆ ಮೊದಲು ಆರು ವಾರಕ್ಕೊಂದು ಬಿಡುತ್ತಿತ್ತು. ಮನೆಗೆ ಬರುವ ಹಾಲಿನ ಲೆಕ್ಕ ಮುಗಿಸುವಷ್ಟರಲ್ಲಿ ಇನ್ನೊಂದು ಬ್ರೌಸರು. ನಮ್ಮಂಥವರಿಗೆ ಇದು ತಿಳಿಯುವುದೂ ಇಲ್ಲ, ರಾತ್ರಿ ತಾನೇ ಇಳಿದು ತಾನೇ ಕೂತುಕೊಳ್ಳುತ್ತದೆ. ವೇಗದ ಇಂಟರ್ನೆಟ್, ಹೊಸ ಯಂತ್ರ ಇರುವವರು ಪ್ರಯತ್ನವಿಲ್ಲದೆಯೇ 'ಅಪ್ಡೇಟ್' ಆಗಿರುತ್ತಾರೆ. ಆಮೇಲೆ ಅದನ್ನೇ ತಮ್ಮ ಗುಣವೆಂದು ತಿಳಿಯುತ್ತಾರೆ. ನಾನು ತಿಳಿದಿದ್ದೆ.

ಈ ವಿಷಯ ತಲೆಗೆ ಹೊಕ್ಕ ಮೇಲೆ ಈಮೇಲಿನ ಇತಿಹಾಸವನ್ನು ಸ್ವಲ್ಪ ಓದಿದೆ. ಪ್ರಬಂಧದ ಅಧ್ಯಾಯ ಬರೆಯುವುದನ್ನು ಮುಂದೂಡಲು ಸಂಶೋಧಕರಿಗೆ ಇಂಥ ದಾರಿಗಳು ಬೇಕು. ಅಲ್ಲಿ ಸಿಕ್ಕವರು ಜಾನ್ ಪೋಸ್ಟೆಲ್, ಅಂತರ್ಜಾಲದ ಮೊದಲ ನಿಯಮಗಳನ್ನು ಬರೆದವರಲ್ಲಿ ಒಬ್ಬರು. ಮೇಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಕ್ರಮವನ್ನು 1982ರಲ್ಲಿ ಬರೆದಿಟ್ಟವರು ಅವರೇ. ಆಮೇಲೆ ಎಷ್ಟೋ ಸೇರಿಸಿದ್ದಾರೆ, ತಿದ್ದಿದ್ದಾರೆ, ಆದರೂ ಮೇಷ್ಟ್ರ ಮೇಲ್ ನನಗೆ ತಲುಪಿದ್ದು ಮೂಲತಃ ಆ ಕ್ರಮದಲ್ಲೇ. ಅದಕ್ಕೂ ಎರಡು ವರ್ಷ ಮೊದಲು ಬೇರೊಂದು ತಾಂತ್ರಿಕ ದಾಖಲೆಯಲ್ಲಿ ಪೋಸ್ಟೆಲ್ ಒಂದು ಸೂತ್ರ ಹೇಳಿದ್ದರು. ಅದರ ತಾತ್ಪರ್ಯ ಇಷ್ಟು: ನೀನು ಕಳಿಸುವಾಗ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸು, ಬೇರೆಯವರಿಂದ ಪಡೆಯುವಾಗ ಉದಾರವಾಗಿರು. ಯಂತ್ರಗಳಿಗೆ ಹೇಳಿದ ಮಾತು. ಬೇರೆ ಬೇರೆಯವರು ಕಟ್ಟಿದ, ಒಂದನ್ನೊಂದು ಕಂಡಿರದ ಕಂಪ್ಯೂಟರುಗಳು ಮಾತಾಡಬೇಕಾದರೆ, ಪ್ರತಿಯೊಂದೂ ಎದುರಿನದರ ಸಣ್ಣ ತಪ್ಪುಗಳನ್ನು ಸಹಿಸಿಕೊಂಡು ಅದು ಏನು ಹೇಳಲು ಹೊರಟಿದೆ ಎಂದು ತಿಳಿಯಲು ಯತ್ನಿಸಬೇಕು ಎಂಬ ತಿಳಿವಳಿಕೆ.

ನಾನು ಮಾಡಿದ್ದು ಇದರ ತಿರುವುಮುರುವು. ನಾನು ಕಳಿಸಿದ ಲಿಂಕಿನಲ್ಲಿದ್ದ ಪುಟ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅವರ ಬ್ರೌಸರಿನಲ್ಲಿ ಅದು ತೆರೆದುಕೊಳ್ಳುತ್ತದೆಯೇ ಎಂದು ಯೋಚಿಸಲೇ ಇಲ್ಲ. ಪಡೆಯುವಾಗ ಮಾತ್ರ ನಿಯಮ.

ಬ್ರೌಸರುಗಳ ಲೋಕದಲ್ಲಿ ಈ ಔದಾರ್ಯ ಎಷ್ಟು ದೂರ ಬಂದಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪುಟ ಬರೆದವರು ಅರ್ಧ ಚಿಹ್ನೆಗಳನ್ನು ಮುಚ್ಚಲು ಮರೆತಿದ್ದರೂ ಬ್ರೌಸರ್ ಊಹಿಸಿ ಸರಿಯಾಗಿ ತೋರಿಸುತ್ತದೆ. ಟಿಮ್ ಬರ್ನರ್ಸ್-ಲೀ ಅವರ ಕಾಲದ ಮೊದಮೊದಲ ಜಾಲಪುಟವನ್ನು ಸರ್ನ್ ಸಂಸ್ಥೆ ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಿದೆ, ಇವತ್ತಿನ ಮೊಬೈಲಿನಲ್ಲೂ ಅದನ್ನು ಓದಬಹುದು. ಅಕ್ಷರಗಳು ಎಡಕ್ಕೆ ಓಡುವ ಮಾರ್ಕೀ ಎಂಬುದೊಂದಿದೆಯಲ್ಲ, ನಮ್ಮ ಸರ್ಕಾರಿ ಇಲಾಖೆಗಳ ಜಾಲತಾಣಗಳಲ್ಲಿ 'ಪ್ರಮುಖ ಸೂಚನೆ' ಎಂದು ಸರಿದು ಹೋಗುವಂಥದ್ದು, ಅದನ್ನು ಬಳಸಬೇಡಿ ಎಂದು ಪಂಡಿತರು ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದಾರೆ. ಬ್ರೌಸರುಗಳು ಮಾತ್ರ ಇನ್ನೂ ಅದನ್ನು ಓಡಿಸುತ್ತಲೇ ಇವೆ. ಔದಾರ್ಯ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. ತೊಂಬತ್ತರ ದಶಕದಲ್ಲಿ ಕೆಲವು ತಾಣಗಳು ಎದುರಿಗೆ ಬಂದದ್ದು ನೆಟ್‌ಸ್ಕೇಪ್ ಬ್ರೌಸರ್ ಆದರೆ ಮಾತ್ರ ಒಳ್ಳೆಯ ಪುಟ ಕೊಡುತ್ತಿದ್ದವು. ನೆಟ್‌ಸ್ಕೇಪ್ ತನ್ನನ್ನು 'ಮೊಜಿಲ್ಲಾ' ಎಂದು ಪರಿಚಯಿಸಿಕೊಳ್ಳುತ್ತಿತ್ತು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ತಾನು ಮೊಜಿಲ್ಲಾ ಎಂದು ಹೇಳತೊಡಗಿತು. ಇವತ್ತಿಗೂ ಕ್ರೋಮ್, ಸಫಾರಿ ಎಲ್ಲವೂ ತಾಣದ ಬಾಗಿಲಲ್ಲಿ ಮೊದಲು ಹೇಳುವ ಹೆಸರು ಅದೇ. ಗೇಟಿನಲ್ಲಿ ಕುಲಗೋತ್ರ ಕೇಳುವ ಊರಿನಲ್ಲಿ ಜನ ಹೆಸರು ಬದಲಿಸಿಕೊಳ್ಳುತ್ತಾರೆ, ಅದರಂತೆ.

ನನಗೆ ಬಹಳ ಹಿಡಿಸಿದ್ದು 2018ರ ಒಂದು ಜಗಳ. ಜಾವಾಸ್ಕ್ರಿಪ್ಟ್ ಭಾಷೆಗೆ ಹೊಸ ಸೌಲಭ್ಯವೊಂದನ್ನು ಸೇರಿಸಬೇಕಿತ್ತು. 'ಫ್ಲಾಟನ್' ಎಂದು ಹೆಸರಿಟ್ಟರು. ಫೈರ್‌ಫಾಕ್ಸಿನ ಪ್ರಯೋಗದ ಆವೃತ್ತಿಯಲ್ಲಿ ಹಾಕಿ ನೋಡಿದರೆ ಒಂದು ತಾಣ ಕೆಟ್ಟಿತು. ಹತ್ತು ವರ್ಷಕ್ಕೂ ಹಳೆಯದಾದ ಮೂಟೂಲ್ಸ್ ಎಂಬ ಸಾಧನ ಅದೇ ಹೆಸರನ್ನು ತನ್ನದೇ ರೀತಿಯಲ್ಲಿ ಬಳಸಿಕೊಂಡಿತ್ತು. ಹೊಸದಾಗಿ ಯಾರೂ ಅದನ್ನು ಬಳಸುತ್ತಿರಲಿಲ್ಲವೆಂದೇ ಹೇಳಬೇಕು. ಕೆಡಲಿ ಬಿಡಿ, ಹಳೆಯದನ್ನು ಇಟ್ಟುಕೊಂಡವರ ಪಾಡು ಅವರಿಗೆ ಎಂದು ಕೆಲವರು ವಾದಿಸಿದರು. ಆದರೆ ಕೊನೆಗೆ ಬಗ್ಗಿದ್ದು ಹೊಸದು. ಹೆಸರನ್ನು 'ಫ್ಲಾಟ್' ಎಂದು ಕತ್ತರಿಸಿದರು. ಎಲ್ಲೋ ಯಾರೋ ಕಟ್ಟಿ ಮರೆತ ಪುಟಗಳಿಗಾಗಿ ಜಗತ್ತಿನ ಪ್ರೋಗ್ರಾಮರುಗಳೆಲ್ಲ ಸ್ವಲ್ಪ ಕುರೂಪವಾದ ಹೆಸರನ್ನು ಒಪ್ಪಿಕೊಂಡರು. ಜಾಲವನ್ನು ಮುರಿಯಬಾರದು ಎಂಬುದು ಆ ವಲಯದಲ್ಲಿ ಬಹುತೇಕ ಧರ್ಮಸೂತ್ರ. ತಾಣಗಳಿಗೆ ತೋರುವ ಈ ದಾಕ್ಷಿಣ್ಯ ಮನುಷ್ಯರಿಗೆ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ನನ್ನದು.

ಇನ್ನೊಂದು ಪಕ್ಷವನ್ನು ಹೇಳದಿದ್ದರೆ ಮೋಸವಾಗುತ್ತದೆ. ಔದಾರ್ಯಕ್ಕೆ ಬೆಲೆ ಇದೆ. 2001ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ವರ್ಷಗಟ್ಟಲೆ ಸಾಯಲಿಲ್ಲ, ಅದಕ್ಕಾಗಿ ತಾಣ ಕಟ್ಟುವವರು ಪಟ್ಟ ಪಾಡು ಅವರಿಗೇ ಗೊತ್ತು. ಹಾಳು ಮೇಲುಗಳನ್ನೂ ಹಾಳು ಪುಟಗಳನ್ನೂ ಸಹಿಸುತ್ತಾ ಹೋದರೆ ತಪ್ಪೇ ರೂಢಿಯಾಗುತ್ತದೆ, ಮುಂದೆ ಬರುವವರೆಲ್ಲ ಆ ತಪ್ಪನ್ನೂ ಕಲಿಯಬೇಕಾಗುತ್ತದೆ. ಪೋಸ್ಟೆಲ್ ಸೂತ್ರವನ್ನು ಕುರುಡಾಗಿ ಪಾಲಿಸಬೇಡಿ ಎಂದು ವಾದಿಸುವ ದಾಖಲೆಯೊಂದು 2023ರಲ್ಲಿ ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ವಲಯದಿಂದಲೇ ಬಂತು. ಸುರಕ್ಷತೆಯ ಮಾತಂತೂ ಇದ್ದೇ ಇದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಾವಳಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಅದನ್ನು ತಡೆಯಬಲ್ಲ ತೇಪೆ ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ. ಅಲ್ಲಿ ಹಿಂದುಳಿಯುವಿಕೆಯ ಬೆಲೆ ತೆತ್ತವರು ಹಾಸಿಗೆಯ ಮೇಲಿದ್ದ ರೋಗಿಗಳು. ಲಸಿಕೆ ಹಾಕಿಸಿಕೊಳ್ಳುವುದಿಲ್ಲ ಎನ್ನುವವರ ಹಾಗೆ ಅಪ್ಡೇಟ್ ಮಾಡಿಕೊಳ್ಳುವುದಿಲ್ಲ ಎನ್ನುವುದೂ ಬರಿಯ ಖಾಸಗಿ ಆಯ್ಕೆಯಲ್ಲ.

ಹಳೆಯ ಫಾಂಟಿನ ಕನ್ನಡಕ್ಕೂ ಇಂಥದೇ ತೊಂದರೆ ಇದೆ. ಮೇಷ್ಟ್ರ ಫೈಲಿನಲ್ಲಿ 'ತೂಬು' ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಪುಟಪುಟಕ್ಕೂ ತೂಬು ಇದ್ದರೂ. ಅದನ್ನು ಜಾಲದ ಮೇಲೆ ಹಾಕಿದರೂ ಹುಡುಕುವವರ ಪಾಲಿಗೆ ಇಲ್ಲ. ಆ ಹತ್ತಿಪ್ಪತ್ತು ವರ್ಷಗಳಲ್ಲಿ ಹೀಗೆ ಟೈಪಾದ ಎಷ್ಟು ಪುಸ್ತಕಗಳು ಡಿಟಿಪಿ ಅಂಗಡಿಗಳ ಸಿಡಿಗಳಲ್ಲಿ ಕಣ್ಣಿಗೆ ಕಾಣದೆ ಕೂತಿವೆಯೋ. ಯೂನಿಕೋಡ್ ಬೇಕೇ ಬೇಕು. ಅದರಲ್ಲಿ ನನಗೆ ಸಂಶಯವಿಲ್ಲ.

ಹಾಸ್ಟೆಲಿನ ಗೆಳತಿಯೊಬ್ಬಳಿಗೆ ಇದೆಲ್ಲ ಹೇಳಿದಾಗ ಅವಳು ಬೇರೆ ಕಡೆಯಿಂದ ಹಿಡಿದಳು. "ನೀನೇ ಕನ್ವರ್ಟ್ ಮಾಡ್ಕೊಂಡು ಸುಮ್ನಿದ್ದಿದ್ರೆ ಅದು ಔದಾರ್ಯ ಅಲ್ಲ ಕಣೇ, ಕನಿಕರ. ವಯಸ್ಸಾದವ್ರಿಗೆ ಬರಲ್ಲ ಬಿಡು ಅಂತ ನೀನೇ ತೀರ್ಮಾನ ಮಾಡ್ದಂಗೆ. ಕಲಿಸೋದು ಮರ್ಯಾದೆ." ಈ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರವಿರಲಿಲ್ಲ. ನಮ್ಮ ಅಜ್ಜಿಯ ಫೋನನ್ನು ಕೈಯಿಂದ ಕಿತ್ತುಕೊಂಡು "ಕೊಡು ಇಲ್ಲಿ, ನಾನು ಮಾಡ್ತೀನಿ" ಎಂದು ಮೂರು ಸೆಕೆಂಡಿನಲ್ಲಿ ಸರಿಮಾಡಿ ವಾಪಸು ಕೊಡುವುದು ನಾನೇ. ಅದರಲ್ಲಿ ಪ್ರೀತಿ ಎಷ್ಟು, ಅಸಹನೆ ಎಷ್ಟು ಎಂದು ಅಜ್ಜಿಗೆ ಗೊತ್ತಿರುತ್ತದೆ.

ಆದರೆ ನಾನು ಮೇಷ್ಟ್ರಿಗೆ ಕಳಿಸಿದ ಲಿಂಕನ್ನು ಕಲಿಸುವುದು ಎನ್ನಲಾಗದು. ಕಲಿಸುವುದೆಂದರೆ ಪಕ್ಕದಲ್ಲಿ ಕೂರಬೇಕು, ಅವರು ಎಲ್ಲಿ ನಿಂತಿದ್ದಾರೆ ಎಂದು ಮೊದಲು ತಿಳಿಯಬೇಕು. ಲಿಂಕ್ ಕಳಿಸುವುದೆಂದರೆ 'ನನ್ನ ಹತ್ತಿರ ಬರಬೇಕಾದರೆ ಹೀಗೆ ಬಾ' ಎಂದು ಬೋರ್ಡು ನೆಡುವುದು. ಹಾಗೆ ನೆಡುವಾಗ ಲೆಕ್ಕ ಹಾಕಬೇಕಾದದ್ದು ಶ್ರಮವನ್ನು. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನನಗದು ಐದು ನಿಮಿಷದ ಕೆಲಸ. ಅವರಿಗೆ ಅದೇ ಕೆಲಸವೆಂದರೆ ಬ್ರೌಸರ್ ಬದಲಿಸುವುದು, ಅದಕ್ಕೆ ಕಂಪ್ಯೂಟರ್ ಬದಲಿಸುವುದು, ಬೆರಳಿಗೆ ಇಪ್ಪತ್ತು ವರ್ಷದಿಂದ ಅಭ್ಯಾಸವಾದದ್ದನ್ನು ಅನುಮಾನಿಸುವುದು. ಜೊತೆಗೆ, ಪದ ಬೇಕಾಗಿದ್ದದ್ದು ನನಗೆ. ಡಿಗ್ರಿ ಬರುವುದು ನನಗೆ. ಬದಲಾವಣೆ ಅವರು ತಂದದ್ದಲ್ಲ, ಲಾಭ ಅವರಿಗಲ್ಲ, ಶ್ರಮ ಮಾತ್ರ ಅವರದು ಎಂದು ನಾನು ಒಂದು 'ದಯವಿಟ್ಟು' ಸೇರಿಸಿ ಹೇಳಿದ್ದೆ.

ಮೇಷ್ಟ್ರ ಪಟ್ಟಿಯಲ್ಲಿ ನೀರುಗಂಟಿಯ ಬಗ್ಗೆ ಮೂರು ಪುಟಗಳಿವೆ. ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿಗೆ ನೀರು ಹಂಚುವವನು. ಬಹಳ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದು. ತನಗೆ ಹೆಚ್ಚೇನೂ ಜಮೀನಿಲ್ಲದವನು ಊರ ಗದ್ದೆಗಳಿಗೆಲ್ಲ ನೀರು ಲೆಕ್ಕ ಹಾಕುತ್ತಿದ್ದ, ಆ ವ್ಯವಸ್ಥೆಯನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಆದರೆ ಅಲ್ಲಿ ಮೇಷ್ಟ್ರು ಬರೆದುಕೊಂಡ ಒಂದು ವಿವರವಿದೆ. ತೂಬಿನ ಪಕ್ಕದ ಗದ್ದೆಯವನು ಬೇಗ ಕಾಲುವೆಗೆ ಬಂದ, ಚುರುಕಾದವನು, ಎಂದು ಯಾರೂ ಹೇಳುತ್ತಿರಲಿಲ್ಲವಂತೆ. ಅವನ ಗದ್ದೆ ಅಲ್ಲಿತ್ತು, ಅಷ್ಟೆ. ನೀರುಗಂಟಿಯ ಕೆಲಸ ಮುಗಿಯಿತೋ ಇಲ್ಲವೋ ಎಂಬುದನ್ನು ನೋಡುತ್ತಿದ್ದದ್ದು ಕಾಲುವೆಯ ತುದಿಯ ಗದ್ದೆಯಲ್ಲಿ.

ಸಣ್ಣ ವಿಷಯವನ್ನು ದೊಡ್ಡದು ಮಾಡುತ್ತಿದ್ದೇನೆ ಎನಿಸಬಹುದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿ ಹಾಕಿಕೊಳ್ಳಲು ಅದು ಕೇಳುವ ಸುರಕ್ಷತಾ ಚಿಪ್ಪು, ಪ್ರೊಸೆಸರು ಬೇಕು. ಅವಿಲ್ಲದ ಎಷ್ಟೋ ಕಂಪ್ಯೂಟರುಗಳು ಚೆನ್ನಾಗಿ ಕೆಲಸ ಮಾಡುತ್ತಿವೆ. ಅವುಗಳ ಮುಂದೆ ಕೂತವರಿಗೆಲ್ಲ ಇನ್ನು ಒಂದೊಂದಾಗಿ ಆ ವಾಕ್ಯ ಕಾಣಿಸತೊಡಗುತ್ತದೆ, ನಿಮ್ಮದು ಹಳೆಯದಾಗಿದೆ ಎಂದು. ಬದಲಾವಣೆ ತಂದವರ ಖರ್ಚು ಬಳಸುವವರ ಲೆಕ್ಕಕ್ಕೆ ಬರೆಯಲ್ಪಡುವುದು ಹೀಗೆ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಸೇರಿಸಿ.

ಮತ್ತೆ ಮೇಷ್ಟ್ರ ಮನೆಗೆ ಹೋದದ್ದು ಯುಗಾದಿ ಆದ ಮೇಲೆ. ಆರುನೂರು ಪದಗಳನ್ನು ಪೆನ್‌ಡ್ರೈವಿನಲ್ಲಿ ತಂದು ಪರಿವರ್ತಿಸಿದ್ದೆ. ಐದು ನಿಮಿಷ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ಸರಿಯಲ್ಲ. ಬದಲಾಯಿಸಲು ಐದು ನಿಮಿಷ, ತಿದ್ದಲು ಎರಡು ವಾರ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆ ಹೊಡೆಯುತ್ತಾರೆ, ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ ರಕಾರ ಮೊದಲು ಬರಬೇಕು. ಪರಿವರ್ತಕ ಅಲ್ಲಲ್ಲಿ ಎಡವಿತ್ತು. ಕೆಲವು ಪದ ನನಗೇ ಗೊತ್ತಿಲ್ಲದವು, ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಹಾಗಾಗಿ ಇಬ್ಬರೂ ಕೂತು ಸಾಲು ಸಾಲು ಓದಿದೆವು. ಅವರು ತಮ್ಮ ಪರದೆ ನೋಡಿ ಓದುವುದು, ನಾನು ಲ್ಯಾಪ್‌ಟಾಪಿನಲ್ಲಿ ತಿದ್ದುವುದು. ಓದುತ್ತಾ ಅವರು ಪಟ್ಟಿಯಲ್ಲಿಲ್ಲದ್ದನ್ನೂ ಹೇಳುತ್ತಿದ್ದರು. ನನ್ನ ಮೂರನೆಯ ಅಧ್ಯಾಯದ ಅರ್ಧ ಬಂದದ್ದು ಆ ಎರಡು ವಾರದಲ್ಲಿ. ಪರಿವರ್ತಕ ಎಡವದೇ ಇದ್ದಿದ್ದರೆ ಬರುತ್ತಿರಲಿಲ್ಲ.

ನಡುವೆ ಅವರ ಫೋನು ಸದ್ದು ಮಾಡಿತು. ಮೊಮ್ಮಗಳ ಸಂದೇಶ. ಅವರು ಕನ್ನಡಕ ಏರಿಸಿಕೊಂಡು, ಫೋನಿನ ಕನ್ನಡ ಕೀಲಿಮಣೆಯಲ್ಲಿ ಒಂದೇ ಬೆರಳಿನಿಂದ, ತಪ್ಪಿಲ್ಲದ ಕನ್ನಡದಲ್ಲಿ ಉತ್ತರ ಬರೆದರು. ನಾನು ನೋಡುತ್ತಾ ಕೂತೆ.

"ಸರ್, ಇದು ಯೂನಿಕೋಡೇ."

"ಇದಾ? ಇದು ವಾಟ್ಸಾಪ್ ಅಲ್ವೇನಮ್ಮ."

"ಒಳಗಿರೋದು ಅದೇ ಸರ್. ನಾನು ಕೇಳಿದ್ದು ಇದನ್ನೇ."

ಅವರು ಫೋನನ್ನೂ ಕಂಪ್ಯೂಟರನ್ನೂ ಒಂದು ಸಲ ನೋಡಿದರು. "ಮತ್ತೆ ಆವತ್ತೇ ಹಂಗೆ ಹೇಳ್ಬೇಕಲ್ವಾ" ಎಂದರು. ಆಮೇಲೆ ನಕ್ಕರು. ನನಗೆ ನಗು ಬರಲಿಲ್ಲ.

ಹಾಗೆಂದು ಅವರು ಪದಗಳನ್ನು ಫೋನಿನಲ್ಲಿ ಬರೆಯುತ್ತಿಲ್ಲ. ಒಂದೇ ಬೆರಳಿನಲ್ಲಿ ಮೂರು ಪುಟ ಯಾರು ಬರೆಯುತ್ತಾರೆ, ಹತ್ತೂ ಬೆರಳು ಕಲಿತಿರುವಾಗ ಎನ್ನುತ್ತಾರೆ. ಕಂಪ್ಯೂಟರಿನಲ್ಲೇ, ಹಳೆಯ ಫಾಂಟಿನಲ್ಲೇ ಟೈಪ್ ಮಾಡಿ ಕಳಿಸುತ್ತಾರೆ, ನಾನು ಬದಲಾಯಿಸಿಕೊಂಡು, ಅನುಮಾನ ಬಂದ ಕಡೆ ಫೋನ್ ಮಾಡುತ್ತೇನೆ. ಕಳೆದ ವಾರ ಬಂದ ಫೈಲನ್ನು ಬಸ್ಸಿನಲ್ಲಿದ್ದಾಗ ಮೊಬೈಲಿನಲ್ಲೇ ತೆರೆದೆ. ಪರಿವರ್ತಿಸುವ ಮೊದಲಿನ ಸ್ಥಿತಿ, ಪರದೆ ತುಂಬ ಗೀಟು, ಪೌಂಡು, ಕ್ಯೂಗಳು. ಮೇಲಿನ ಸಾಲಿನಲ್ಲಿ ದಪ್ಪಕ್ಷರದಲ್ಲಿ ಒಂದು ಚಿಕ್ಕ ಪದ: ದೊಡ್ಡ ಪಿ, ಗೀಟಿರುವ ಇ, ಸಣ್ಣ ಜಿ, ಮತ್ತೆ ಗೀಟಿರುವ ಇ. ಸ್ವಲ್ಪ ಹೊತ್ತು ನೋಡಿದೆ. ಕೆರೆ.